ಏನೂ ಆಗಿಲ್ಲ ಎನ್ನುವ ಗಾಡಿ

ಡಾಕ್ಟರ್ ಕೆಲಸದಿಂದ ನಿವೃತ್ತಳಾದರೂ ಒಂದು ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ‘ನನಗೇನೂ ಆಗಿಲ್ಲ’ ಎನ್ನುವವರನ್ನು ಕಂಡರೆ ಮೊದಲು ನಾಡಿ ಹಿಡಿದು ನೋಡಬೇಕೆನಿಸುತ್ತದೆ. ಹಾಗಾಗಿ, ಹಳೆಯ ಕಾರನ್ನು ಕೊಟ್ಟು ನಮ್ಮವರು ತಂದ ಎಲೆಕ್ಟ್ರಿಕ್ ಗಾಡಿಯ ಮೇಲೆ ನನಗೆ ಬಂದ ದಿನವೇ ಗುಮಾನಿ. ಅದರ ಬಾಗಿಲಿಗೆ ಹಿಡಿಯೇ ಕಾಣಿಸದು. ಫೋನು ಹತ್ತಿರ ಬಂದರೆ ಒಳಗಿನಿಂದ ತಾನಾಗಿ ಹೊರಬರುತ್ತದಂತೆ. ಕೂತ ಕೂಡಲೇ ಪರದೆಯ ಮೇಲೆ, ಎಂಥ ಹವೆಗೂ ತಾನು ಸಿದ್ಧ ಎಂಬ ಘೋಷಣೆ. ಇಷ್ಟು ಜಂಬ ಕೊಚ್ಚಿಕೊಳ್ಳುವುದು ಏನನ್ನೋ ಮುಚ್ಚಿಡುತ್ತಿರಬೇಕು ಎಂದುಕೊಂಡೆ.

ಜಾರ್ಜ್‌ಟೌನಿನ ನಮ್ಮ ಮನೆಯ ಮುಂದೆ ಅದಕ್ಕೆ ಪೂಜೆಯಾಯಿತು. ಚಕ್ರದಡಿ ನಿಂಬೆಹಣ್ಣು, ಮೂತಿಗೆ ಧಾರಾಳವಾಗಿ ಅರಿಸಿನ ಕುಂಕುಮ, ಕೊನೆಗೆ ಕಲಶದ ನೀರು ಬಾಗಿಲುಗಳ ಮೇಲೆಲ್ಲ.

“ರೀ, ಇವತ್ತು ಐಸ್ ಬೀಳುತ್ತಂತೆ. ಒರೆಸಿಬಿಡಿ.”

“ಪೂಜೆ ನೀರು ಯಾರಾದ್ರೂ ಒರೆಸ್ತಾರೇನೇ? ಇದಕ್ಕೇನೂ ಆಗಲ್ಲ ಬಿಡು.”

ಗ್ಯಾರೇಜಿನಲ್ಲಿ ಹಿಡಿಸದೆ ಅದು ಹೊರಗೇ ನಿಂತಿತು.

ಮರುದಿನ ಬೆಳಿಗ್ಗೆ ಪಕ್ಕದೂರು ಟೇಲರ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ತುಂಬು ತಿಂಗಳು. ಆಫೀಸ್ ಕೆಲಸಕ್ಕೆ ಡಲ್ಲಾಸಿಗೆ ಹೋಗಿದ್ದ ಅಳಿಯ ಐಸ್‌ನಿಂದಾಗಿ ಅಲ್ಲೇ ಸಿಕ್ಕಿಕೊಂಡಿದ್ದ.

“ಐ ಆಮ್ ಫೈನ್, ಅಮ್ಮಾ. ಡೋಂಟ್ ಕಮ್,” ಎಂದಳು. ಆ ಎರಡು ಮಾತಿನ ನಡುವೆ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಮತ್ತೊಮ್ಮೆ. ಹೆರಿಗೆ ನೋವು ಶುರುವಾಗಿತ್ತು.

“ಹೊರಡ್ರಿ,” ಎಂದೆ.

ಗಾಡಿಯ ಬಾಗಿಲುಗಳ ಮೇಲೆ ಅರಿಸಿನ ಬಣ್ಣದ ಐಸು ಗಟ್ಟಿಯಾಗಿ ಕೂತಿತ್ತು. ಹಿಡಿಗಳು ಹೊರಬರಲೊಲ್ಲವು. ಎಲ್ಲ ಬಾಗಿಲೂ ತೆರೆದಿವೆ ಎಂದು ಫೋನಿನಲ್ಲಿ ಮಾತ್ರ ತೋರಿಸುತ್ತಿತ್ತು. ಸುಳ್ಳುಬುರುಕ! ಉದ್ದನೆಯ ವೈರು ಎಳೆದು, ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಮಂತ್ರ ಹೇಳಿದ ಬಾಯಲ್ಲೇ ಬೈದುಕೊಳ್ಳುತ್ತ ನಮ್ಮವರು ಒಂದು ಬಾಗಿಲು ಬಿಡಿಸಿದರು.

“ತಾನೇ ಡ್ರೈವ್ ಮಾಡ್ಕೊಳ್ಳುತ್ತೆ, ನೋಡ್ತಿರು,” ಎಂದು ಗುಂಡಿ ಒತ್ತಿದರು. ಗಾಡಿ ಸೆಟೆದುಕೊಂಡು ಹೊರಟಿತು. ಮೊದಲ ಸೇತುವೆಯ ಮೇಲೆ ಅದರ ಹಿಂಭಾಗ ತಿರುಗಿ, ನಾವು ರಸ್ತೆಗೆ ಅಡ್ಡಲಾಗಿ ಜಾರಿ ಅಂಚಿಗೆ ಬಡಿದು ನಿಂತೆವು. ಆಮೇಲೆ ಕೀಂಕೀಂ ಎಂದು ಪರದೆ ಒಪ್ಪಿಕೊಂಡಿತು: ಮುಂದಿನ ಕ್ಯಾಮೆರಾ ಮುಚ್ಚಿದೆ, ದಾರಿ ಕಾಣುತ್ತಿಲ್ಲ, ನೀವೇ ಓಡಿಸಿ.

ಇಳಿದು ನೋಡಿದೆ. ಕ್ಯಾಮೆರಾದ ಮೇಲೆ ಕುಂಕುಮ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದೆ.

“ಮೋಸ ಮಾಡ್ತು ಕಣೇ ಇದು.”

“ಈಗಷ್ಟೇ ಅದು ನಿಜ ಹೇಳಿದೆ. ನಿಧಾನಕ್ಕೆ ನಡೀರಿ.”

ಟೇಲರ್‌ವರೆಗೂ ಅವರೇ ಓಡಿಸಿದರು, ತೆವಳಿದಂತೆ. ರಸ್ತೆ ಜಾರುತ್ತದೆ ಎಂದು ಗಾಡಿ ತಿರುವು ತಿರುವಿಗೂ ಅಂಜುತ್ತ ಹೇಳಿತು. ಆ ಮಾತನ್ನು ನಾನು ನಂಬಿದೆ.

ಮಗಳು ಗೋಡೆ ಹಿಡಿದು ಬಂದು ಬಾಗಿಲು ತೆರೆದಳು, ಮುಖದಲ್ಲಿ ಸಿದ್ಧಮಾಡಿಟ್ಟ ನಗು. ನಾನು ಅವಳ ಮುಖವನ್ನೇ ದಿಟ್ಟಿಸಿದೆ. ನಗು ಕಳಚಿತು. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, “ಅಮ್ಮಾ, ತುಂಬಾ ನೋಯ್ತಿದೆ,” ಎಂದಳು. ನಾಡಿ ನೋಡುವುದನ್ನೂ ಮರೆತು ತಬ್ಬಿಕೊಂಡೆ.

ಅದೇ ಗಾಡಿಯಲ್ಲಿ ಮೆಲ್ಲಗೆ ಆಸ್ಪತ್ರೆ ಸೇರಿದೆವು. ಆ ಮಧ್ಯಾಹ್ನ ಮೊಮ್ಮಗಳು ಹುಟ್ಟುತ್ತಲೇ ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಿದಳು. ಅವಳ ಮೇಲೆ ನನಗೆ ಯಾವ ಗುಮಾನಿಯೂ ಬರಲಿಲ್ಲ.