ಐವರ್ನಾಡಿನ ತಿಳಿನೀರು

ಕೊರೋನಾ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ನಾನಾಗ ಪುತ್ತೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪುತ್ತೂರು, ಸುಳ್ಯ, ಕಡಬದ ಕೆರೆ, ಹಳ್ಳ, ಗದ್ದೆಗಳ ಪಾಚಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಲೇ ನನ್ನ ಕೂದಲು ಬೆಳ್ಳಗಾಗಿತ್ತು. ಬೇರೆಯವರು ಕಾಲು ಜಾರೀತೆಂದು ಬೈಯುವ ವಸ್ತುವಿನ ಮೇಲೆ ನಾನು ಸಂಬಳ ತೆಗೆದುಕೊಳ್ಳುತ್ತೇನೆಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಏಪ್ರಿಲ್ ತಿಂಗಳ ಒಂದು ಸೋಮವಾರ ನನ್ನ ಹಳೆಯ ವಿದ್ಯಾರ್ಥಿನಿ ಹರಿಣಾಕ್ಷಿಯ ಫೋನು ಬಂತು. ಅವಳು ಐವರ್ನಾಡಿನ ಹತ್ತಿರದ ಒಂದು ಅಂಗನವಾಡಿಯಲ್ಲಿ ಟೀಚರ್. ಅಂಗನವಾಡಿಗೂ ಸುತ್ತಲಿನ ಏಳು ಮನೆಗಳಿಗೂ ಕುಶಾಲಪ್ಪ ಗೌಡರ ತೋಟದ ಮೇಲಿನ ಕೆರೆಯಿಂದಲೇ ನೀರು. ಗೌಡರು ಒಂದು ದಿನವೂ ಅದಕ್ಕೆ ಲೆಕ್ಕ ಕೇಳಿದವರಲ್ಲ. ಆ ಕೆರೆಯ ನೀರು ಒಂದು ವಾರದಿಂದ ಹಸಿರು ಪೈಂಟ್ ಚೆಲ್ಲಿದ ಹಾಗೆ ಆಗಿದೆ ಎಂದಳು. ಒಂದು ಬಾಟಲಿ ತುಂಬಿಸಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸು ಎಂದೆ. ನಮ್ಮಲ್ಲಿ ಔಷಧಿ, ಮದುವೆ ಕಾಗದ, ಮರೆತುಬಿಟ್ಟ ಕನ್ನಡಕ ಎಲ್ಲವೂ ಹಾಗೆಯೇ ಊರಿಂದೂರಿಗೆ ಹೋಗುತ್ತವೆ. ಸಂಜೆಗೆ ಬಾಟಲಿ ನನ್ನ ಮೇಜಿನ ಮೇಲಿತ್ತು.

ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಮೈಕ್ರೋಸಿಸ್ಟಿಸ್. ಜನ ಪಾಚಿ ಎನ್ನುತ್ತಾರೆ, ಪುಸ್ತಕಗಳೂ ನೀಲಿಹಸಿರು ಪಾಚಿ ಎನ್ನುತ್ತವೆ. ನಿಜಕ್ಕೆ ಅದು ಬ್ಯಾಕ್ಟೀರಿಯಾ. ಸಣ್ಣ ಸಣ್ಣ ಗೋಲಿಗಳು ಲೋಳೆಯಲ್ಲಿ ಗುಂಪಾಗಿ ಕೂತು ತೇಲುತ್ತವೆ. ಅದರ ಕೆಲವು ತಳಿಗಳು ತಮ್ಮೊಳಗೆ ಒಂದು ವಿಷ ಇಟ್ಟುಕೊಂಡಿರುತ್ತವೆ, ಆ ವಿಷ ನೇರ ಲಿವರಿಗೆ ಪೆಟ್ಟು ಕೊಡುತ್ತದೆ. ನಮ್ಮ ತೋಟದ ಕೆರೆಗಳಲ್ಲಿ ಇಷ್ಟು ದಟ್ಟವಾಗಿ ನಾನದನ್ನು ಕಂಡದ್ದು ಅದೇ ಮೊದಲು. ನಾಚಿಕೆಯಿಂದಲೇ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಮನಸ್ಸಿನಲ್ಲಿ ಆಗಲೇ ಒಂದು ಪ್ರಬಂಧಕ್ಕೆ ಶೀರ್ಷಿಕೆ ಹುಡುಕತೊಡಗಿದ್ದೆ.

ಮಂಗಳವಾರ ಬೆಳಿಗ್ಗೆ ಕುಶಾಲಪ್ಪ ಗೌಡರಿಗೇ ಫೋನು ಮಾಡಿದೆ. ಅದು ಕೆಟ್ಟ ಜಾತಿಯ ಪಾಚಿ, ಜನರಾಗಲಿ ದನಗಳಾಗಲಿ ಆ ನೀರು ಕುಡಿಯಬಾರದು, ನಾನು ಶುಕ್ರವಾರ ಬರುತ್ತೇನೆ ಎಂದೆ. ಅವರು ಪೈಪು ಬಂದ್ ಮಾಡಿ, ಪಕ್ಕದ ಮನೆಯ ಬೋರ್‌ವೆಲ್ಲಿನಿಂದ ಎಲ್ಲರಿಗೂ ನೀರಿನ ವ್ಯವಸ್ಥೆ ಮಾಡಿದರು. ಮಾತಿಗೆ ತಕ್ಕ ಮನುಷ್ಯ ಎಂದುಕೊಂಡು ನಾನು ನಿಶ್ಚಿಂತಳಾದೆ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮತ್ತೆ ಹರಿಣಾಕ್ಷಿಯ ಫೋನು. ದನಿಯಲ್ಲಿ ಖುಷಿ ಇತ್ತು.

"ಮೇಡಂ, ನೀವು ನಾಳೆ ಬರ್ಬೇಕು ಅಂತ ಇಲ್ಲ. ನೀರು ಚೊಕ್ಕ ಆಯ್ತು, ಅಡಿ ಕಾಣ್ತದೆ. ಕುಶಾಲಪ್ಪಣ್ಣ ಮೊನ್ನೆ ಮೈಲುತುತ್ತು ಹಾಕಿದ್ರು. ಈಗ ಪೈಪು ಬಿಟ್ಟಿದ್ದಾರೆ."

ಮೈಲುತುತ್ತು ಎಂದರೆ ಕಾಪರ್ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಮಳೆಗಾಲದಲ್ಲಿ ಬಿಡುವ ಮದ್ದು ಅದು. ನಮ್ಮ ಕಡೆ ಮನೆಯಲ್ಲಿ ಸಕ್ಕರೆ ಮುಗಿದಿರಬಹುದು, ಕೊಟ್ಟಿಗೆಯ ಅಟ್ಟದಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಅದು ಈ ಜೀವಿಯನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ಸಾಯುವಾಗ ಪ್ರತಿಯೊಂದು ಕೋಶವೂ ಒಡೆದು, ಅಷ್ಟು ದಿನ ಒಳಗಿದ್ದ ವಿಷ ಒಮ್ಮೆಲೇ ನೀರಿಗೆ ಬರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಅದು ನಿಲ್ಲುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಹಸಿರು ನೀರನ್ನು ಕಂಡು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ತಿಳಿನೀರನ್ನು ಮಕ್ಕಳು ಸಂತೋಷದಿಂದ ಕುಡಿಯುತ್ತಾರೆ.

ಕುಡಿಸಬೇಡ ಎಂದು ನಾನು ಕೂಗುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಗೌಡರ ಫೋನು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ತರಗತಿಯನ್ನು ಸಹೋದ್ಯೋಗಿಯ ತಲೆಗೆ ಕಟ್ಟಿ ಕಾರು ಹೊರಡಿಸಿದೆ. ಅಂಗನವಾಡಿಯಲ್ಲಿ ಊಟ ಹನ್ನೆರಡೂವರೆಗೆ. ಕುಂಬ್ರದಲ್ಲಿ ಬೆಳ್ಳಾರೆ ರಸ್ತೆಗೆ ತಿರುಗಿದ ಮೇಲೆ ಒಂದು ಮರದ ಲಾರಿ ಮುಂದೆ ಸಿಕ್ಕಿತು, ಸೈಡ್ ಕೊಡಲೇ ಇಲ್ಲ. ಆ ಡ್ರೈವರಿಗೆ ನಾನು ಬೈದ ಬೈಗುಳ ನನಗೆ ಗೊತ್ತಿತ್ತೆಂದು ನನಗೇ ಅದುವರೆಗೆ ಗೊತ್ತಿರಲಿಲ್ಲ. ಬೆಳ್ಳಾರೆ ಪೇಟೆಯಲ್ಲಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿದೆ, ಆಗಲೂ ಫೋನು ಹೋಗಲಿಲ್ಲ. ಮೂರು ವರ್ಷದ ಮಗುವಿನ ತೂಕಕ್ಕೆ ಎಷ್ಟು ವಿಷ ಸಾಕು ಎಂಬ ಲೆಕ್ಕ ಬೇಡವೆಂದರೂ ತಲೆಯಲ್ಲಿ ಓಡುತ್ತಿತ್ತು.

ತಲುಪಿದಾಗ ಗಂಟೆ ಹನ್ನೆರಡೂಕಾಲು. ಹನ್ನೊಂದು ಮಕ್ಕಳು ಚಾಪೆಯಲ್ಲಿ ಸಾಲಾಗಿ ಕೂತಿದ್ದರು, ಮುಂದೆ ತಟ್ಟೆಗಳಿದ್ದವು. ಅನ್ನ, ಸಾಂಬಾರು ತಯಾರಾಗಿತ್ತು. ಯಾವ ನೀರು ಎಂದು ಕೇಳಿದೆ. ಹತ್ತು ಗಂಟೆಗೆ ಪೈಪಿನಲ್ಲಿ ಬಂದದ್ದೇ ಎಂದಳು ಹರಿಣಾಕ್ಷಿ. ನಾನು ವಿವರಿಸಲು ನಿಲ್ಲದೆ ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಿನ ಗುಂಡಿಗೆ ಸುರಿದೆ. ಮಕ್ಕಳು ಅಳತೊಡಗಿದರು, ಅಡುಗೆಯ ಸಹಾಯಕಿ ನನ್ನನ್ನು ಹುಚ್ಚಿಯೆಂದೇ ನೋಡಿದಳು. ಪುಣ್ಯಕ್ಕೆ ಮಕ್ಕಳ ಬಾಟಲಿಗಳಲ್ಲಿದ್ದದ್ದು ಬೆಳಿಗ್ಗೆ ಮನೆಯಲ್ಲಿ ತುಂಬಿಸಿದ ಬೋರ್‌ವೆಲ್ ನೀರು. ಹರಿಣಾಕ್ಷಿ ಸಹಾಯಕಿಯನ್ನು ಏಳೂ ಮನೆಗಳಿಗೆ ಓಡಿಸಿದಳು. ಇನ್ನೂ ಯಾರೂ ಕುಡಿದಿರಲಿಲ್ಲ.

ನಾನು ಉಸಿರು ಬಿಡುವಾಗ ಹರಿಣಾಕ್ಷಿ ಮೆಲ್ಲ ಹೇಳಿದಳು, "ಮೇಡಂ, ಕುಶಾಲಪ್ಪಣ್ಣ ಕುಡಿದಿದ್ದಾರೆ. ಪೈಪು ಬಿಡುವ ಮೊದಲು ಎಲ್ಲರ ಎದುರು ಒಂದು ಚೊಂಬು. ನಾನು ಕುಡಿಯದ ನೀರು ಮಕ್ಕಳಿಗೆ ಕೊಡುದಿಲ್ಲ ಅಂತ ಹೇಳಿದ್ರು."

ಗೌಡರು ಮನೆಯ ಜಗಲಿಯಲ್ಲಿ ಒರಗಿದ್ದರು. ಅರುವತ್ತೆಂಟರ ಗಟ್ಟಿ ದೇಹ. ಹೊಟ್ಟೆ ಸ್ವಲ್ಪ ತೊಳಸುತ್ತಿದೆ, ಪಿತ್ತ ಇರಬೇಕು ಎಂದರು. ಒಪ್ಪಿಸಿ ಕಾರಿಗೆ ಹತ್ತಿಸಲು ಅರ್ಧ ಗಂಟೆ ಬೇಕಾಯಿತು. ಸುಳ್ಯದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿಯಾಗಿತ್ತು. ಡಾಕ್ಟರು ನನ್ನನ್ನು ಕೇಳಿದರು, ಇದು ತಾಮ್ರದ್ದೋ, ಪಾಚಿಯದ್ದೋ? ಗೊತ್ತಿಲ್ಲ ಎಂದೆ. ಅಷ್ಟು ವರ್ಷ ಅದೇ ವಿಷಯ ಪಾಠ ಮಾಡಿದವಳು ಆ ಮಾತು ಹೇಳಲು ಬಹಳ ಕಷ್ಟಪಟ್ಟೆ. ಎರಡಕ್ಕೂ ವಾಂತಿಯೇ ಮೊದಲ ಲಕ್ಷಣ. ವಿಷ ಅಳೆಯುವ ಕಿಟ್ ನಮ್ಮ ಲ್ಯಾಬಿನಲ್ಲಿರಲಿಲ್ಲ. ಸೋಮವಾರದ ಹಸಿರು ಬಾಟಲಿ, ಗುರುವಾರ ಪೈಪಿನಿಂದ ತುಂಬಿಸಿದ ತಿಳಿನೀರಿನ ಬಾಟಲಿ ಎರಡನ್ನೂ ಮಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿ ಕಾಯುತ್ತಾ ಕೂತೆ.

ಆ ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ಎರಡನೆಯ ದಿನದ ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿ ಏರಿತ್ತು, ಮೂರನೆಯ ದಿನ ಇನ್ನೂ ಏರಿತು. ಗೌಡರ ಹೆಂಡತಿ ನನ್ನನ್ನು ದೂರುವ ಬದಲು ಚಾ ತಂದುಕೊಟ್ಟರು. ಅದನ್ನು ಕುಡಿಯುವುದೇ ಕಷ್ಟವಾಯಿತು. ನಾಲ್ಕನೆಯ ದಿನ ಅಂಕಿ ಇಳಿಯಲು ಶುರುವಾಯಿತು. ಅದೇ ಸಂಜೆ ಮಂಗಳೂರಿನಿಂದ ವರದಿ ಬಂತು. ನೀರಿನಲ್ಲಿ ಕರಗಿದ್ದ ವಿಷ ಹಸಿರು ಬಾಟಲಿಯಲ್ಲಿ ಅಲ್ಪ, ತಿಳಿನೀರಿನ ಬಾಟಲಿಯಲ್ಲಿ ಅದರ ಹಲವು ಪಟ್ಟು.

ವರದಿ ಹಿಡಿದುಕೊಂಡು ಹಾಸಿಗೆಯ ಬಳಿ ಹೋದೆ. ಯಾಕೆ ಮೈಲುತುತ್ತು ಹಾಕಿದಿರಿ ಎಂದು ಕೇಳಿದ್ದು ಆಗಲೇ. ಗೌಡರು ಸಿಟ್ಟಿಲ್ಲದೆ ಹೇಳಿದರು, "ನೀವು ಪಾಚಿ ಅಂದ್ರಿ. ಪಾಚಿಗೆ ನಮ್ಮಲ್ಲಿ ಮದ್ದು ಉಂಟು. ಕುಡಿಯಬೇಡಿ ಅಂದ್ರಿ, ಹಸಿರು ಹೋಗುವವರೆಗೆ ಕುಡಿಯಲಿಲ್ಲ. ಹಾಕಬೇಡಿ ಅಂತ ನೀವು ಹೇಳಲಿಲ್ಲ ಅಲ್ವಾ ಮೇಡಂ?"

ತಾಮ್ರ ಹಾಕಿದರೆ ಏನಾಗುತ್ತದೆ ಎಂಬುದು ನನ್ನದೇ ನೋಟ್ಸಿನಲ್ಲಿ, ಪ್ರತಿ ವರ್ಷ ಪರೀಕ್ಷೆಗೆ ಕೇಳುವ ಪ್ರಶ್ನೆಯಾಗಿ ಇತ್ತು. ಹಸಿರು ಕಂಡರೆ ಈ ಊರಿನವರ ಕೈ ಮೊದಲು ಯಾವ ಅಟ್ಟಕ್ಕೆ ಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು, ನಾನೂ ಇಲ್ಲಿಯವಳೇ. ಈ ಎರಡೂ ತಿಳುವಳಿಕೆಗಳನ್ನು ನಾನು ಒಟ್ಟಿಗೆ ಇಟ್ಟು ನೋಡಲಿಲ್ಲ. ನನ್ನ ಕಣ್ಣು ಪ್ರಬಂಧದ ಮೇಲಿತ್ತು.

ಗೌಡರು ಮನೆಗೆ ಹೋದರು, ತಿಂಗಳೊಳಗೆ ಮೊದಲಿನ ಹಾಗಾದರು. ಕೊಟ್ಟಿಗೆಯ ಸ್ಲರಿ, ಅಂದರೆ ಗೊಬ್ಬರದ ನೀರು, ಅದು ಹರಿಯುವ ಕಣಿ ಒಡೆದು ಕೆರೆಗೆ ಇಳಿಯುತ್ತಿದ್ದದ್ದೇ ಆ ಪಾಚಿ ಬೆಳೆಯಲು ಕಾರಣ. ಆ ಒಡಕನ್ನು ಮುಚ್ಚಿಸಿದೆವು. ಪರೀಕ್ಷೆಯಲ್ಲಿ ಸರಿ ಬರುವವರೆಗೆ ಯಾರೂ ಕೆರೆಯ ನೀರು ಮುಟ್ಟಲಿಲ್ಲ. ಪ್ರಬಂಧವನ್ನು ಬರೆದೆ, ಆದರೆ ಅದರಲ್ಲಿ ಈ ಯಾವ ಮಾತೂ ಇಲ್ಲ. ಅಂದಿನಿಂದ, ಯಾರಿಗೆ ಏನು ವರದಿ ಹೇಳಿದರೂ ಫೋನು ಇಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈಗ ನೀವು ಎಂತ ಮಾಡ್ತೀರಿ? ಆ ಉತ್ತರ ಕೇಳಿದ ಮೇಲೆಯೇ ನನ್ನ ಕೆಲಸ ಮುಗಿಯುವುದೆಂದು ವೃತ್ತಿಯ ಕೊನೆಗಾಲದಲ್ಲಿ ಕಲಿತೆ.

ನಿವೃತ್ತಳಾದ ಮರುಬೇಸಿಗೆಯಲ್ಲಿ ಕುಶಾಲಪ್ಪ ಗೌಡರು ಪಂಜದಿಂದ ಫೋನು ಮಾಡಿದರು. ಅಲ್ಲಿ ಅವರ ಭಾವನ ಕೆರೆ ಹಸಿರಾಗಿತ್ತು. ನಾನು ನನ್ನ ಪ್ರಶ್ನೆಗೆ ಬಾಯಿ ತೆರೆಯುವ ಮೊದಲೇ ಅವರೆಂದರು, "ಭಾವನ ಅಟ್ಟದಲ್ಲಿದ್ದ ಮೈಲುತುತ್ತಿನ ಚೀಲ ಈಗ ನನ್ನ ಜೀಪಿನಲ್ಲಿ ಉಂಟು, ಮೇಡಂ. ಯಾರೂ ಕೆರೆಗೆ ಹಾಕದ ಹಾಗೆ ಅದನ್ನು ಎತ್ತಿಕೊಂಡು ಬಂದ ಮೇಲೆಯೇ ನಿಮಗೆ ಫೋನ್ ಮಾಡುದು."