ಫೋಟೋ ಕೆಡಿಸುವ ಮೇಡಂ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿ. ಎಷ್ಟು ತಿಕ್ಕಿ ತೊಳೆದರೂ ಬಣ್ಣ ಸಂದಿಯಲ್ಲಿ ಉಳಿದೇ ಇರುತ್ತಿತ್ತು. ಆ ಬೆರಳಿನಿಂದಲೇ ಕನ್ನಡಕವನ್ನು ಹಣೆಗೇರಿಸಿ, ಕೈಗೆ ಸಿಕ್ಕ ಫೋಟೋವನ್ನು ಮೂಗಿನ ಹತ್ತಿರ ಹಿಡಿದು, ಖೋಟಾನೋಟು ಪರೀಕ್ಷಿಸುವ ಹಾಗೆ ನೋಡುತ್ತಿದ್ದರು.

ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಡ್ರಾಯಿಂಗ್ ಮೇಡಂ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರು, ಸ್ಕ್ಯಾನರು ತಂದಿಟ್ಟುಕೊಂಡ ಮೇಲೆ ಅವರ ಕೆಲಸ ವಿಚಿತ್ರ ದಾರಿ ಹಿಡಿಯಿತು. ಸ್ಕ್ಯಾನ್ ಆಗುತ್ತಿರುವಾಗಲೇ ಫೋಟೋವನ್ನು ಅಲುಗಿಸಿ ಮುಖ ಎಳೆದುಹೋಗುವಂತೆ ಮಾಡುವರು. ಅದರ ಮೇಲೆ ತಾವೇ ಬರೆದ ಜಲವರ್ಣ ಚಿತ್ರವೊಂದನ್ನು ತೆಳುವಾಗಿ ಹೊದಿಸುವರು. ಕೊನೆಗೆ ಆ ಫೈಲನ್ನು ಚಿತ್ರವಾಗಿ ಅಲ್ಲದೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದು, ನಡುವಿನಿಂದ ಒಂದಿಷ್ಟು ಅಳಿಸಿಬಿಡುವರು. ಮತ್ತೆ ತೆರೆದರೆ ಚಿತ್ರ ಪಟ್ಟೆಪಟ್ಟೆಯಾಗಿ ಒಡೆದು, ಅರ್ಧ ಹಸಿರಾಗಿ, ಪಕ್ಕಕ್ಕೆ ಸರಿದಿರುತ್ತಿತ್ತು. "ಕೆಟ್ಟ ಮೇಲೇ ಗೊತ್ತಾಗೋದು, ಇದರಲ್ಲಿ ಏನಿತ್ತು ಅಂತ," ಅನ್ನುತ್ತಿದ್ದರು.

ಇದಕ್ಕಾಗಿ ಅವರು ಮನೆಮನೆಯಲ್ಲೂ ಫೋಟೋ ಕೇಳಿ ತರುತ್ತಿದ್ದರು. ಬೀದಿಯವರಿಗೆ ಅನುಮಾನ. ಯಾರದೋ ತಲೆಯನ್ನು ಯಾರದೋ ಮೈಗೆ ಅಂಟಿಸುವ ಕಥೆಗಳು ಆಗ ಎಲ್ಲರ ಬಾಯಲ್ಲಿದ್ದವು. ಮಾಟ ಅಂದವರೂ ಇದ್ದರು. ಅಮ್ಮನಂತೂ ಮಹಡಿಯಲ್ಲಿ ಪ್ರಿಂಟರಿನ ಸದ್ದಾದರೆ ಸಾಕು, ಕೈಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು.

ನನಗೆ ಗಂಡು ನೋಡುತ್ತಿದ್ದ ಕಾಲ ಅದು. ನನ್ನ ಗದ್ದದ ಕೆಳಗೆ ತೊನ್ನಿನ ಒಂದು ಬಿಳಿ ಕಲೆಯಿದೆ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಮನೆಯವರು ಸ್ಟುಡಿಯೋದವರಿಂದ ಅದನ್ನು ಮುಚ್ಚಿಸಿದ್ದರು. ಮೇಡಂ ಆ ಫೋಟೋ ನೋಡಿ "ಇವಳ್ಯಾರು?" ಅಂದರು. ಆಮೇಲೆ, ಕಲೆ ಕಾಣುವ ಹಳೆಯದೊಂದನ್ನು ನನ್ನಿಂದ ಕೇಳಿ ಪಡೆದರು.

ಮುಂದೊಂದು ದಿನ ನೀರಿನ ಮೋಟರಿನ ವಿಷಯ ಹೇಳಲು ಮೇಲೆ ಹೋದ ಅಮ್ಮ ನನ್ನನ್ನು ಕೂಗಿದಳು. ಪರದೆಯ ಮೇಲೆ ನನ್ನ ಮುಖ. ಕಣ್ಣು ಒಂದು ಕಡೆ, ಹಣೆ ಒಂದು ಕಡೆ, ಮೂಗಿನ ಮೇಲೆ ಅವರು ಬರೆದ ಸಾರಕ್ಕಿ ಕೆರೆಯ ನೀರು. ಕೆಡದೆ ಉಳಿದದ್ದು ಆ ಬಿಳಿ ಕಲೆಯೊಂದೇ.

"ನನ್ನ ಮಗಳ ಮುಖ ಏನ್ ಮಾಡಿದೀರಾ ಮೇಡಂ?" ಅಮ್ಮ ಕೇಳಿದಳು.

"ಇದನ್ನ ಯಾರೂ ನಂಬಲ್ಲ ಬಿಡಿ. ನಂಬೋ ಹಾಗಿರುತ್ತಲ್ಲ, ಆ ಫೋಟೋಗೆ ಹೆದರ್ಬೇಕು ನೀವು," ಅಂದರು ಅವರು, ಕುರ್ಚಿಯಿಂದ ಏಳದೆ.

ಅದೇ ತಿಂಗಳು, ಹೆಚ್ಚುಕಡಿಮೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಹುಡುಗಿಗೆ ತೊನ್ನಿದೆಯಂತಲ್ಲ ಎಂದು ಗಂಡಿನ ತಂದೆ ಫೋನಿನಲ್ಲಿ ಕೇಳಿದ್ದರು. ಹೇಳಿದ್ದು ಮಹಡಿಯವರೇ ಎಂದು ತೀರ್ಮಾನಿಸಿದ ಅಮ್ಮ ಮನೆ ಖಾಲಿ ಮಾಡಿಸಿದಳು. ಸಾಮಾನು ಕಟ್ಟುತ್ತಿದ್ದ ಮೇಡಂ ಎದುರು ನಿಂತು ನಾನೂ ಕೇಳಿದೆ.

"ನಾನು ಹೇಳ್ಲಿಲ್ಲ. ಬಾಯಿವರೆಗೂ ಬಂದಿತ್ತು. ಆದ್ರೆ ಅದು ನೀನು ಹೇಳೋ ಮಾತು ಕಣೇ."

ನಂಬಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮುಂದಿನ ಸಂಬಂಧ ಬಂದಾಗ ಮಾತ್ರ, ಕಾಫಿ ಲೋಟ ಕೆಳಗಿಡುವ ಮೊದಲೇ ಹುಡುಗನ ಎದುರು ಗದ್ದ ಎತ್ತಿ ಕಲೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಉರಿಯುತ್ತದೆಯೇ ಎಂದು ಕೇಳಿದರು. ಇಲ್ಲ ಅಂದೆ. ಮದುವೆಯಾಯಿತು.

ಮೇಡಂ ಅಂಜನಾಪುರದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರೆಂದು ತಿಳಿದಾಗ ಅಮ್ಮ ತಾನಾಗಿಯೇ ನನ್ನ ಜೊತೆ ಹೊರಟಳು. ವಾಪಸು ಬರುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಬಾಯಿಬಿಟ್ಟಳು.

"ಅವರೇ ಕಣೇ ಹೇಳಿದ್ದು. ನಂಗೆ ಈಗ್ಲೂ ಅನುಮಾನ."

ಬಸ್ಸು ಹೊರಟಿತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಮ್ಮ ಅಂದಳು, "ಹೇಳಿದ್ದೇ ಒಳ್ಳೇದಾಯ್ತು."