ಕಾವಲಿದ್ದ ಕಪ್ಪು ಮೀನು

ತ್ಯಾಗರಾಜನಗರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ನಾನು ಸಾಕಿದ್ದು ಅಮೆರಿಕದ ಮೀನು. ಹೆಸರು ಅಲಿಗೇಟರ್ ಗಾರ್. ಅಲ್ಲಿನ ನದಿಗಳಲ್ಲಿ ಆಳುದ್ದಕ್ಕಿಂತ ದೊಡ್ಡದಾಗುತ್ತದೆ. ಇಲ್ಲಿ ಮೊಸಳೆ ಮೀನು ಅಂತ ಮಾರುತ್ತಾರೆ. ತಂದಾಗ ಪೆನ್ಸಿಲ್ ಉದ್ದ ಇತ್ತು. "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಸಾರ್ ಬೆಳೆಯೋದು" ಅಂದ ಅಂಗಡಿಯವನು. ನಂಬಿದೆ. ಎರಡು ವರ್ಷದಲ್ಲಿ ನನ್ನ ತೋಳಿನಷ್ಟಾಯಿತು. ನಾಲ್ಕಡಿ ಟ್ಯಾಂಕಿನಲ್ಲಿ ತಿರುಗಬೇಕಾದರೆ ಬಾಲ ಮಡಚಬೇಕಿತ್ತು.

ಕೆಳಗಡೆ ಓನರ್ ಆಂಟಿ, ಅಂಕಲ್. ಮನೆಯೊಳಗೆ ಮೊಟ್ಟೆಯೂ ಬರಬಾರದು ಅನ್ನುವ ಷರತ್ತಿನ ಮೇಲೆ ಬಾಡಿಗೆಗೆ ಕೊಟ್ಟವರು. ಮೀನಿಗೆ ಏನು ಹಾಕುತ್ತೀಯಾ ಎಂದು ಆಂಟಿ ಕೇಳಿದಾಗ "ಡಬ್ಬೀಲಿ ಕಾಳು ಬರುತ್ತೆ ಆಂಟಿ" ಅಂದಿದ್ದೆ. ನಮ್ಮ ಫ್ರೀಜರ್‌ನ ಐಸ್‌ಕ್ರೀಂ ಡಬ್ಬದಲ್ಲಿದ್ದದ್ದು ಸೀಗಡಿ.

"ಆ ರಾಕ್ಷಸನ್ನ ಕೆರೆಗೆ ಬಿಟ್ಬಿಡಪ್ಪಾ, ಪುಣ್ಯ ಬರುತ್ತೆ" ಎಂದು ಆಂಟಿ ವಾರಕ್ಕೊಮ್ಮೆ ಹೇಳುತ್ತಿದ್ದರು. ಕೆರೆಗೆ ಬಿಟ್ಟರೆ ಅಲ್ಲಿನ ನಮ್ಮ ಮೀನುಗಳ ಗತಿ ಏನು? ಹಾಗೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉತ್ತರಹಳ್ಳಿಯ ಆಚೆ ತೋಟದಲ್ಲಿ ದೊಡ್ಡ ತೊಟ್ಟಿ ಇಟ್ಟಿರುವ ಪರಿಚಯದವರೊಬ್ಬರು ತೆಗೆದುಕೊಳ್ಳಲು ಒಪ್ಪಿದ್ದರು. ಆ ತಿಂಗಳ ಕೊನೆಗೆ ಸಾಗಿಸುವುದೆಂದು ಮಾತಾಗಿತ್ತು, ಆಂಟಿಗೂ ಹೇಳಿದ್ದೆ.

ಅಷ್ಟರಲ್ಲಿ ಅಂಕಲ್‌ಗೆ ಬೈಪಾಸ್ ಆಪರೇಷನ್ ನಿಗದಿಯಾಯಿತು.

ಆಂಟಿಯ ಮನೆಯ ಹಾಲ್‌ನಲ್ಲೂ ಒಂದು ಪುಟ್ಟ ಟ್ಯಾಂಕ್ ಇತ್ತು. ವಾಸ್ತುವಿನ ಮೀನುಗಳು: ಎಂಟು ಚಿನ್ನದ ಬಣ್ಣದವು, ಒಂದು ಕಪ್ಪು. ಮನೆಗೆ ಬರುವ ಕೆಡುಕನ್ನೆಲ್ಲ ಕಪ್ಪು ಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಇಂಥದ್ದನ್ನೆಲ್ಲ ಗೇಲಿ ಮಾಡಿ ಪೋಸ್ಟ್ ಹಾಕಿ ಲೈಕ್ ಗಿಟ್ಟಿಸಿಕೊಂಡವನು ನಾನು. ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಆಂಟಿ ಬೀಗದ ಕೈ ಕೊಟ್ಟು ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು.

"ಇವತ್ತೊಂದಿನ ಒಂಬತ್ತನ್ನೂ ನೋಡ್ಕೊಳಪ್ಪಾ. ಇವರು ಥಿಯೇಟರಿಂದ ಆಚೆ ಬರೋವರೆಗೂ ಕರೀದು ಕಾವಲಿರ್ಬೇಕು."

ಒಂಬತ್ತು ಗಂಟೆಗೆ ಕೆಳಗಿಳಿದರೆ ಹಾಲ್‌ನ ನೆಲವೆಲ್ಲ ನೀರು. ಟ್ಯಾಂಕಿನ ಮೂಲೆಯ ಅಂಟು ಬಿಟ್ಟಿತ್ತು. ಮೂರು ಬೆರಳು ನೀರಿನಲ್ಲಿ ಒಂಬತ್ತೂ ಮಗ್ಗುಲಾಗಿ ಒದ್ದಾಡುತ್ತಿದ್ದವು. ಬಕೆಟ್‌ಗೆ ಹಾಕಿಕೊಂಡು ಮೇಲೆ ಓಡಿದೆ. ಅವತ್ತು ಕಾವೇರಿ ನೀರು ಬಿಟ್ಟಿದ್ದ ದಿನ, ಸಂಪಿನಲ್ಲಿ ಕ್ಲೋರಿನ್ ಗಮ್ಮೆನ್ನುತ್ತಿತ್ತು. ಆ ನೀರಿಗೆ ಹಾಕಿದರೆ ಮೀನು ಸಾಯುತ್ತವೆ. ಮನೆಯಲ್ಲಿ ಹದವಾದ ನೀರು ಇದ್ದದ್ದು ಗಾರ್ ಇದ್ದ ಟ್ಯಾಂಕಿನಲ್ಲಿ ಮಾತ್ರ.

ಆ ನೀರನ್ನೇ ನಾಲ್ಕು ಚೊಂಬು ಬಕೆಟ್‌ಗೆ ಹಾಕಿದ್ದರೆ ಮುಗಿದಿತ್ತು. ನನ್ನ ತಲೆಗೆ ಹೊಳೆಯಲಿಲ್ಲ. ಕಿಟಕಿಯ ಹಳೇ ಸೊಳ್ಳೆ ಜಾಲರಿಯ ಚೌಕಟ್ಟನ್ನು ಟ್ಯಾಂಕಿನ ನಡುವೆ ಅಡ್ಡ ಇಟ್ಟು, ಬಟ್ಟೆ ಕ್ಲಿಪ್ ಹಾಕಿ, ಈಚೆ ಕಡೆ ಒಂಬತ್ತನ್ನೂ ಬಿಟ್ಟೆ.

"ರೀ, ತಲೆ ಕೆಟ್ಟಿದ್ಯಾ?" ಅಂದಳು ಹೆಂಡತಿ.

"ಮರಿಯಿಂದ ಸತ್ತ ಸೀಗಡಿ ತಿಂದ್ಕೊಂಡು ಬೆಳೆದಿದೆ ಕಣೇ. ಬೇಟೆ ಎಲ್ಲಿ ಬರುತ್ತೆ ಅದಕ್ಕೆ?"

ಗಾರ್ ಕೊರಡಿನ ಹಾಗೆ ನಿಂತಿತ್ತು. ಒಮ್ಮೆ ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ಅದೇ ಜಾಗಕ್ಕೆ ಇಳಿಯಿತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿದೆ. ಅಷ್ಟೇ. ಚಟ್ ಎಂದು ಕ್ಲಿಪ್ ಹಾರಿತು. ನಾನು ಮತ್ತೆ ನೋಡುವಷ್ಟರಲ್ಲಿ ಜಾಲರಿ ಓರೆಯಾಗಿತ್ತು, ಗಾರ್ ಈಚೆ ಕಡೆ ಇತ್ತು. ಉದ್ದ ಮೂತಿಯ ಪಕ್ಕದಲ್ಲಿ ಒಂದು ಕಪ್ಪು ಬಾಲ ಎರಡು ಸಲ ಅಲುಗಿ ಒಳಗೆ ಹೋಯಿತು.

ಉಳಿದವನ್ನು ಬಲೆಯಿಂದ ಎತ್ತಿ, ಈಗ ಬುದ್ಧಿ ಬಂದು, ಟ್ಯಾಂಕಿನ ನೀರನ್ನೇ ತುಂಬಿದ ಬಕೆಟ್‌ಗೆ ಹಾಕಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ.

ಫೋನ್ ಹೊಡೆದುಕೊಂಡಿತು. ಆಂಟಿ.

"ಒಳಗೆ ಕರ್ಕೊಂಡು ಹೋದ್ರಪ್ಪಾ. ನಾಕೈದು ಗಂಟೆ ಆಗುತ್ತಂತೆ. ಮೀನು ಹೇಗಿವೆ?"

"ಚೆನ್ನಾಗಿವೆ ಆಂಟಿ."

"ಒಂಬತ್ತೂ?"

"ಒಂಬತ್ತೂ."

"ವಿಡಿಯೋ ಹಾಕು, ಕರೀದನ್ನ ಒಂದ್ಸಲ ನೋಡ್ತೀನಿ. ಕೈಕಾಲೇ ಆಡ್ತಿಲ್ಲ ನಂಗೆ."

"ನೆಟ್‌ವರ್ಕ್ ಸಿಗ್ತಿಲ್ಲ ಆಂಟಿ..." ಎಂದು ಫೋನ್ ಇಟ್ಟೆ.

ಹೆಂಡತಿ ಬಗ್ಗಿ ಬಕೆಟ್ ನೋಡಿದಳು. "ಜಯನಗರಕ್ಕೆ ಹೋಗಿ ಅಂಥದ್ದೇ ಇನ್ನೊಂದು ತನ್ನಿ" ಅಂದಳು. ಚಪ್ಪಲಿ ಹಾಕಿಕೊಂಡೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಬಣ್ಣ ಹೊಂದಿಸಬಹುದು. ಆದರೆ ಆಂಟಿ ಆರು ವರ್ಷ ದಿನಾ ಎರಡು ಹೊತ್ತು ಮಾತಾಡಿಸಿದ ಮೀನು ಅದು, ಒಂದು ಕಣ್ಣಿನ ಮೇಲೆ ಬಿಳಿ ಪೊರೆ ಇತ್ತು. ಅದನ್ನೆಲ್ಲಿಂದ ತರಲಿ?

ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಹನ್ನೊಂದಾಯಿತು. ಹನ್ನೆರಡಾಯಿತು. ಗಾರ್‌ನ ಹೊಟ್ಟೆ ಒಂಚೂರು ಉಬ್ಬಿತ್ತು. ಅಂಕಲ್‌ಗೆ ಏನಾದರೂ ಆದರೆ, ಡಾಕ್ಟರ್ ಏನೇ ಕಾರಣ ಹೇಳಲಿ, ಆಂಟಿಯ ಪಾಲಿಗೆ ಕಾರಣ ನಾನೇ. ಅದು ಬಿಡಿ, ನನಗೇ ನಾನು ಕಾರಣ ಅನ್ನಿಸತೊಡಗಿತ್ತು. ಮೀನನ್ನು ನೋಡುತ್ತಾ, "ಅರಗಿಸ್ಕೋಬೇಡ ಗುರು, ಇನ್ನೊಂದೆರಡು ಗಂಟೆ ತಡಿ" ಎಂದು ಹೇಳಿಯೇಬಿಟ್ಟೆ. ಗೇಲಿಯ ಪೋಸ್ಟ್ ಹಾಕುತ್ತಿದ್ದ ಅದೇ ಬಾಯಲ್ಲಿ.

ಎರಡೂವರೆಗೆ ಫೋನ್ ಬಂತು. ಆಂಟಿ ಅಳುತ್ತಿದ್ದರು.

"ಆಯ್ತಪ್ಪಾ. ಚೆನ್ನಾಗಾಯ್ತಂತೆ. ಐಸಿಯುಗೆ ತಂದ್ರು."

ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆಂಟಿ ಆಸ್ಪತ್ರೆಯಲ್ಲೇ ಉಳಿದ ಒಂದು ವಾರವಿಡೀ ಬರಲಿಲ್ಲ. ಅಂಕಲ್ ಮನೆಗೆ ಬಂದ ದಿನ ರಿಪೇರಿಯಾದ ಟ್ಯಾಂಕಿನ ಮುಂದೆ ಆಂಟಿ ನಿಂತು ಬೆರಳಿಟ್ಟು ಎಣಿಸಿದರು. ಎಂಟಕ್ಕೆ ನಿಂತ ಬೆರಳು ಗಾಜಿನ ಮೇಲೇ ಇತ್ತು. ನಾನು ಜಾಲರಿ, ಕ್ಲಿಪ್ಪು, ಫೋನಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆಂಟಿ ತಲೆ ತಗ್ಗಿಸಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಎಷ್ಟು ಹೊತ್ತಿಗೆ?"

"ನೀವು ಮೊದಲ್ನೇ ಸಲ ಫೋನ್ ಮಾಡಿದ್ರಲ್ಲ, ಅದಕ್ಕೆ ಎರಡು ನಿಮಿಷ ಮುಂಚೆ."

"ಇವರನ್ನ ಒಳಗೆ ಕರ್ಕೊಂಡು ಹೋದ ಹೊತ್ತು." ತಮ್ಮಷ್ಟಕ್ಕೇ ಹೇಳಿಕೊಂಡು ತಲೆ ಎತ್ತಿದರು. "ಅಗಿದು ತಿಂತೋ, ಇಡಿಯಾಗಿ ನುಂಗ್ತೋ?"

"ಇಡಿಯಾಗಿ ಆಂಟಿ."

"ಹಾಗಾದ್ರೆ ಕರೀದು ಎಳ್ಕೊಂಡಿದ್ದೆಲ್ಲ ಈಗ ಆ ರಾಕ್ಷಸನ ಹೊಟ್ಟೇಲಿದೆ. ಅದನ್ನ ಉತ್ತರಹಳ್ಳಿಯವರ ಮನೆಗೆ ಕಳಿಸ್ತೀಯಾ? ಅವರೇನ್ ಪಾಪ ಮಾಡಿದಾರೆ?"

"ಮತ್ತೆ ಇಲ್ಲಿ ಟ್ಯಾಂಕ್ ಸಾಲ್ದು ಆಂಟಿ."

"ಇವರಿನ್ನು ಕಾರ್ ಓಡಿಸೋ ಹಾಗಿಲ್ಲ. ಕಾರ್ ನಿಲ್ಸೋ ಜಾಗದಲ್ಲಿ ತೊಟ್ಟಿ ಕಟ್ಟಿಸು. ಎಷ್ಟುದ್ದ ಬೇಕೋ ಕಟ್ಟಿಸು." ಅಡುಗೆಮನೆಯ ಕಡೆ ನಡೆದವರು ತಿರುಗಿ ನಿಂತರು. "ಸೀಗಡಿ ಮಾತ್ರ ನಾನು ಬಾಗ್ಲು ಹಾಕ್ಕೊಂಡಿರೋವಾಗ ಹಾಕು. ಎರಡು ವರ್ಷದಿಂದ ಮೂಗು ಮುಚ್ಕೊಂಡಿದೀನಿ."

ತೊಟ್ಟಿ ಈಗ ಹನ್ನೆರಡು ಅಡಿ ಇದೆ. ಮೇಲೆ ಕಬ್ಬಿಣದ ಜಾಲರಿ, ನಾಲ್ಕೂ ಕಡೆ ಬೋಲ್ಟು. ಬೆಳಿಗ್ಗೆ ಎಂಟು ಮೀನಿಗೆ ಕಾಳು ಹಾಕಿದ ಮೇಲೆ ಆಂಟಿ ಅಲ್ಲಿಗೂ ಬಂದು ನಿಲ್ಲುತ್ತಾರೆ, ಎರಡು ಮಾರು ದೂರದಲ್ಲಿ. ಗಾರ್ ಗಾಳಿಗೆಂದು ಮೇಲೆ ಬರುವವರೆಗೂ ಒಳಗೆ ಹೋಗುವುದಿಲ್ಲ.